ಹಾಡುವವರ ಕಿವಿಗೆ ಏನು ಬೇಕು: ಮನೆಯ ಮಲ್ಟಿಟ್ರ್ಯಾಕ್ ಧ್ವನಿಮುದ್ರಣದಲ್ಲಿ ಮಾನಿಟರಿಂಗ್

ಮನೆಯಲ್ಲಿ ಕೂತು ಒಂದರ ಮೇಲೊಂದು ಟ್ರ್ಯಾಕ್ ಪೇರಿಸಿ ಹಾಡು ಕಟ್ಟುವವರು ಮೈಕಿಗೆ ಕೊಡುವ ಗಮನವನ್ನು ಹೆಡ್‌ಫೋನಿಗೆ ಕೊಡುವುದಿಲ್ಲ. ಯಾವ ಮೈಕ್, ಯಾವ ಇಂಟರ್‌ಫೇಸ್, ಎಷ್ಟು ಬಿಟ್ ಎಂದು ವಾರಗಟ್ಟಲೆ ವಿಚಾರಿಸಿ ಕೊಂಡವರೂ ಹಾಡುವ ಹೊತ್ತಿಗೆ ಮೊಬೈಲಿನ ಜೊತೆ ಬಂದ ಇಯರ್‌ಫೋನ್ ಸಿಕ್ಕಿಸಿಕೊಂಡು ಶುರುಮಾಡುತ್ತಾರೆ. ಹಾಡು ನೆಟ್ಟಗೆ ಬರದಿದ್ದರೆ ಮೊದಲು ಮೈಕಿನ ಮೇಲೆ ಅನುಮಾನ, ಆಮೇಲೆ ಕೋಣೆಯ ಮೇಲೆ, ಕೊನೆಗೆ ತಮ್ಮ ಕಂಠದ ಮೇಲೇ. ಹಾಡುವಾಗ ಕಿವಿಗೆ ಏನು ಬೀಳುತ್ತಿತ್ತು ಎಂದು ಕೇಳಿಕೊಳ್ಳುವವರು ಕಡಿಮೆ. ಆದರೆ ಕಂಠ ನಡೆಯುವುದು ಕಿವಿ ಹೇಳಿದಂತೆ. ಶ್ರುತಿ ಎಲ್ಲಿ ನಿಲ್ಲಬೇಕು, ದನಿ ಎಷ್ಟು ಏರಬೇಕು, ತಾಳಕ್ಕೆ ಎಲ್ಲಿ ಬಂದು ಕೂರಬೇಕು ಎಂಬುದನ್ನೆಲ್ಲ ಕ್ಷಣಕ್ಷಣಕ್ಕೂ ಕಿವಿಯೇ ತೀರ್ಮಾನಿಸುತ್ತದೆ.

ಸ್ಟುಡಿಯೊದಲ್ಲಿ ಈ ಕೆಲಸ ಇಬ್ಬರಿಗೆ ಹಂಚಿಹೋಗಿರುತ್ತದೆ. ಗಾಜಿನ ಆಚೆ ಎಂಜಿನಿಯರ್, ಈಚೆ ಹಾಡುವವರು. ಧ್ವನಿ ಒಡೆಯುತ್ತಿದೆಯೇ, ಉಸಿರಿನ ಗಾಳಿ ಮೈಕಿಗೆ ಬಡಿಯುತ್ತಿದೆಯೇ, ಎಲ್ಲಿಂದಾದರೂ ಗುಂಯ್ ಎನ್ನುವ ಸದ್ದು ಸೇರುತ್ತಿದೆಯೇ ಎಂದು ಎಂಜಿನಿಯರ್ ಕೇಳುತ್ತಾನೆ. ಹಾಡುವವರಿಗೆ ಇದಾವುದೂ ಬೇಡ. ಅವರಿಗೆ ಶ್ರುತಿ ಬೇಕು, ಲಯ ಬೇಕು, ತಮ್ಮ ದನಿ ಹಿತವಾಗಿ ಕೇಳಬೇಕು. ಮನೆಯಲ್ಲಿ ಈ ಇಬ್ಬರೂ ಒಬ್ಬರೇ, ಅವರಿಗಿರುವುದು ಒಂದೇ ಜೊತೆ ಕಿವಿ. ಮನೆಯ ಧ್ವನಿಮುದ್ರಣದಲ್ಲಿ ಮಾನಿಟರಿಂಗ್ ಕುರಿತು ಏಳುವ ಪ್ರಶ್ನೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಎಣಿಕೆ. ಟೇಕ್ ನಡೆಯುವಷ್ಟು ಹೊತ್ತು ಕಿವಿಯನ್ನು ಹಾಡುವವರಿಗೆ ಪೂರ್ತಿಯಾಗಿ ಬಿಟ್ಟುಕೊಡಬೇಕು. ಎಂಜಿನಿಯರನ ಸರದಿ ಅದಕ್ಕೆ ಮುಂಚೆ ಮತ್ತು ಆಮೇಲೆ.

ಈ ಎರಡು ಕಿವಿಗಳ ತಕರಾರು ಮಲ್ಟಿಟ್ರ್ಯಾಕ್ ಪದ್ಧತಿಯಷ್ಟೇ ಹಳೆಯದು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಗಾಯಕಿ ಮೇರಿ ಫೋರ್ಡ್ ಐವತ್ತರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಜ್ಯಾಕ್ಸನ್ ಹೈಟ್ಸ್‌ನ ತಮ್ಮ ಮನೆಯಲ್ಲೇ ಪದರ ಪದರವಾಗಿ ಹಾಡು ಕಟ್ಟುತ್ತಿದ್ದರು. ಟೇಪಿನ ಮೇಲಿದ್ದ ಹಳೆಯ ಧ್ವನಿಯನ್ನು ಒಂದು ಹೆಚ್ಚುವರಿ ಹೆಡ್ ಓದುತ್ತಿತ್ತು. ಅದಕ್ಕೆ ಹೊಸ ದನಿ ಸೇರಿ, ಎರಡೂ ಕೂಡಿ ಅದೇ ಟೇಪಿನ ಮೇಲೆ ಮತ್ತೆ ಮುದ್ರಣವಾಗುತ್ತಿದ್ದವು. ಕೊನೆಯ ಪದರದಲ್ಲಿ ತಪ್ಪಿದರೆ ಹಿಂದಿನದೆಲ್ಲ ಹೋದಂತೆಯೇ. ಒಂದೊಂದು ಪದರಕ್ಕೂ ಟೇಪಿನಲ್ಲಿ ಬೇರೆ ಬೇರೆ ಪಟ್ಟಿ ಇದ್ದರೆ ಈ ಅಪಾಯ ತಪ್ಪುತ್ತದೆ, ನಿಜ. ಆದರೆ ಅಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ ಮೊದಲು, ಓದುವ ಹೆಡ್ ಆಮೇಲೆ. ಇವೆರಡರ ನಡುವೆ ಒಂದೂವರೆ ಇಂಚು ಇದ್ದು, ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತಿದ್ದರೆ, ಹಳೆಯ ಟ್ರ್ಯಾಕನ್ನು ಕೇಳುತ್ತ ಹಾಡಿದ ಹೊಸ ದನಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹಿಂದೆ ಬೀಳುತ್ತದೆ. ದ್ರುತಗತಿಯ ಹಾಡಿನಲ್ಲಿ ಅಷ್ಟು ಸಾಕು, ಲಯ ಕೆಡಲು.

ಆಂಪೆಕ್ಸ್ ಕಂಪನಿಯ ರಾಸ್ ಸ್ನೈಡರ್ ಇದಕ್ಕೊಂದು ದಾರಿ ಕಂಡುಹಿಡಿದರು. ಹಳೆಯ ಟ್ರ್ಯಾಕುಗಳನ್ನು ಓದುವ ಹೆಡ್‌ನಿಂದ ಕೇಳುವ ಬದಲು ಮುದ್ರಿಸುವ ಹೆಡ್‌ನಿಂದಲೇ ಕೇಳುವುದು. ಹೊಸ ಟ್ರ್ಯಾಕೂ ಅಲ್ಲೇ ಬೀಳುವುದರಿಂದ ಎರಡಕ್ಕೂ ಒಂದೇ ಕಾಲ. ಸೆಲ್-ಸಿಂಕ್ ಎಂದು ಹೆಸರಾದ ಈ ಏರ್ಪಾಡಿದ್ದ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಲೆಸ್ ಪಾಲ್ ಕೈಸೇರಿತು. ಮುದ್ರಿಸಲೆಂದು ಮಾಡಿದ ಹೆಡ್ ಓದುವ ಕೆಲಸಕ್ಕೆ ನಿಂತರೆ ಮೇಲಿನ ಆವರ್ತನಗಳು ಸರಿಯಾಗಿ ಕೇಳುವುದಿಲ್ಲ, ಧ್ವನಿ ಮಂಕಾಗುತ್ತದೆ. ಆದರೂ ಯಾರೂ ಅದನ್ನು ಬೇಡವೆನ್ನಲಿಲ್ಲ. ನುಡಿಸುವವನಿಗೆ ಬೇಕಿದ್ದದ್ದು ಹೊತ್ತಿಗೆ ಸರಿಯಾಗಿ ಕಿವಿ ತಲುಪುವ ಧ್ವನಿ, ಅದು ಕೊಂಚ ಮಂಕಾದರೂ ಸರಿಯೆ. ಸ್ಪಷ್ಟವಾದ ಧ್ವನಿ ಬೇಕಾಗುವುದು ಎಂಜಿನಿಯರನಿಗೆ, ಅದೂ ಹಾಡು ಮುಗಿದ ಮೇಲೆ. ಮಾನಿಟರಿಂಗ್‌ನಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂಬುದು ಅಂದೇ ತೀರ್ಮಾನವಾಗಿತ್ತು.

ಮನೆಯ ಮಟ್ಟಿಗೆ ದೊಡ್ಡ ತಿರುವು 1979ರಲ್ಲಿ ಬಂದ ಟ್ಯಾಸ್ಕಮ್ ಪೋರ್ಟಾಸ್ಟುಡಿಯೊ 144. ಮಾಮೂಲಿ ಕ್ಯಾಸೆಟ್‌ನಲ್ಲಿ ನಾಲ್ಕು ಟ್ರ್ಯಾಕ್, ಜೊತೆಗೇ ಚಿಕ್ಕದೊಂದು ಮಿಕ್ಸರ್. ಇಂಥ ಯಂತ್ರಗಳಲ್ಲಿ ಫೇಡರುಗಳಿಂದ ಬೇರೆಯಾಗಿ ಟೇಪ್ ಕ್ಯೂ ಎಂಬ ಚಿಕ್ಕ ನಾಬುಗಳ ಸಾಲೊಂದು ಇರುತ್ತಿತ್ತು. ಮುದ್ರಣದ ಲೆವೆಲ್ಲನ್ನು ಮುಟ್ಟದೆಯೇ, ಹಿಂದೆ ಮುದ್ರಿಸಿದ ಟ್ರ್ಯಾಕುಗಳಲ್ಲಿ ಯಾವುದು ಎಷ್ಟು ಕೇಳಬೇಕು ಎಂದು ಅಲ್ಲಿ ಹೊಂದಿಸಿಕೊಳ್ಳಬಹುದಿತ್ತು. ಮನೆಯ ಕಲಾವಿದರಿಗೆ ಇಷ್ಟು ಉಪಕಾರ ಮಾಡಿದ ನಾಬುಗಳು ಬೇರೆ ಇಲ್ಲವೆನ್ನಬೇಕು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಮ್ಮಿನ ಹಾಡುಗಳನ್ನು ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಇದೇ 144ರ ಮೇಲೆ ಮುದ್ರಿಸಿದ ಕಥೆ ಎಲ್ಲರಿಗೂ ಗೊತ್ತು. ಯಂತ್ರವನ್ನು ತಂದು ಜೋಡಿಸಿ ನೋಡಿಕೊಂಡವರು ಅವರ ಗಿಟಾರ್ ತಂತ್ರಜ್ಞ ಮೈಕ್ ಬ್ಯಾಟ್ಲನ್ ಎಂಬ ಸಂಗತಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಒಂಟಿ ಧ್ವನಿಮುದ್ರಣಕ್ಕೆ ಎಲ್ಲರೂ ಕೊಡುವ ಆ ಉದಾಹರಣೆಯಲ್ಲೂ ಹಾಡುವವರ ಜೊತೆ ಇನ್ನೊಬ್ಬರಿದ್ದರು.

ಟೇಪ್ ಹೋಗಿ ಕಂಪ್ಯೂಟರ್ ಬಂದಾಗ ಹೆಡ್‌ಗಳ ನಡುವಿನ ಅಂತರ ಇಲ್ಲವಾಯಿತು, ತಡ ಮಾತ್ರ ಹೊಸ ರೂಪದಲ್ಲಿ ಮರಳಿತು. ಮೈಕಿನಿಂದ ಬಂದ ಧ್ವನಿ ಅಂಕಿಗಳಾಗಬೇಕು, ಆ ಅಂಕಿಗಳು ಬಫರಿನಲ್ಲಿ ಒಂದು ಕಂತಿನಷ್ಟು ಕೂಡಬೇಕು, ಪ್ರೋಗ್ರಾಮ್ ಅದನ್ನು ಎತ್ತಿಕೊಂಡು ತನ್ನ ಕೆಲಸ ಮುಗಿಸಬೇಕು, ಮತ್ತೆ ಇನ್ನೊಂದು ಬಫರ್ ದಾಟಿ ಅದು ಹೆಡ್‌ಫೋನಿಗೆ ಬರಬೇಕು. ಸೆಕೆಂಡಿಗೆ 44,100 ಸ್ಯಾಂಪಲ್ ಎಂದಿಟ್ಟುಕೊಂಡರೆ 256 ಸ್ಯಾಂಪಲ್ಲಿನ ಬಫರ್ ತುಂಬಲು ಸುಮಾರು 5.8 ಮಿಲಿಸೆಕೆಂಡ್ ಬೇಕು. ಹೋಗುವಾಗೊಮ್ಮೆ, ಬರುವಾಗೊಮ್ಮೆ ಸೇರಿ 11.6, ಪರಿವರ್ತಕಗಳ ಪಾಲನ್ನೂ ಕೂಡಿಸಿದರೆ ಇನ್ನೂ ಹೆಚ್ಚು. ಬಫರನ್ನು 64ಕ್ಕೆ ಇಳಿಸಿದರೆ ತಡ ತಗ್ಗುತ್ತದೆ, ಆದರೆ ಹಳೆಯ ಲ್ಯಾಪ್‌ಟಾಪ್ ತಾಳಲಾರದೆ ಧ್ವನಿಯಲ್ಲಿ ಚಟಪಟ ಸದ್ದು ಎಬ್ಬಿಸುತ್ತದೆ.

ಹತ್ತು ಮಿಲಿಸೆಕೆಂಡ್ ಏನು ಮಹಾ ಎಂದು ಕೇಳುವವರಿದ್ದಾರೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತು ಮಿಲಿಸೆಕೆಂಡ್ ಎಂದರೆ ಮೂರೂವರೆ ಮೀಟರ್ ದೂರ. ಕಛೇರಿಯ ವೇದಿಕೆಯ ಮೇಲೆ ಅಷ್ಟು ದೂರದಲ್ಲಿ ಕೂತವರು ತೊಂದರೆಯಿಲ್ಲದೆ ಜೊತೆಯಾಗಿ ನುಡಿಸುತ್ತಾರೆ. ಕೀಬೋರ್ಡ್ ನುಡಿಸುವವರೂ ಇಷ್ಟು ತಡಕ್ಕೆ ಹೊಂದಿಕೊಂಡಾರು. ಹಾಡುವವರ ಸಂಗತಿ ಬೇರೆ. ಅವರ ದನಿ ತಲೆಯ ಮೂಳೆಗಳ ಮೂಲಕ ತಡವೇ ಇಲ್ಲದೆ ಒಳಗಿವಿಯನ್ನು ಮುಟ್ಟುತ್ತಿರುತ್ತದೆ. ಹೆಡ್‌ಫೋನಿನಿಂದ ಅದೇ ದನಿ ಐದು ಮಿಲಿಸೆಕೆಂಡ್ ತಡವಾಗಿ ಬಂದು ಅದರ ಜೊತೆ ಸೇರಿದರೆ 100, 300, 500 ಹರ್ಟ್ಸ್‌ಗಳ ಸುತ್ತ ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಕಂಠದ ತಿರುಳು ಇರುವುದೇ ಅಲ್ಲಿ. ತಮ್ಮ ದನಿ ಪೊಳ್ಳಾಗಿ, ಕೊಳವೆಯೊಳಗಿನಿಂದ ಬಂದಂತೆ ಕೇಳುತ್ತದೆ ಎಂದು ಹಾಡುವವರು ದೂರಿದರೆ ಅದು ಅವರ ಭ್ರಮೆಯಲ್ಲ. ತಡ ಇನ್ನೂ ಬೆಳೆದು 200 ಮಿಲಿಸೆಕೆಂಡಿನ ಹತ್ತಿರ ಹೋದರೆ ಮಾತೇ ತಡವರಿಸತೊಡಗುತ್ತದೆ. ಬರ್ನಾರ್ಡ್ ಲೀ ಎಂಬ ಎಂಜಿನಿಯರ್ ಇದನ್ನು 1950ರಲ್ಲೇ ವರದಿ ಮಾಡಿದ್ದರು. ಬ್ಲೂಟೂತ್ ಇಯರ್‌ಫೋನುಗಳ ತಡ ಬಹಳ ಸಲ ಇದೇ ಆಸುಪಾಸಿನಲ್ಲಿರುತ್ತದೆ. ಹಾಡು ಕೇಳಲು ಅವು ಎಷ್ಟೇ ಚೆನ್ನಾಗಿರಲಿ, ಹಾಡುವಾಗ ಕಿವಿಯಲ್ಲಿ ಇರಕೂಡದು. ಇದರಲ್ಲಿ ರಾಜಿ ಸಾಧ್ಯವಿಲ್ಲ.

ಪರಿಹಾರ ಸರಳವಾಗಿಯೇ ಇದೆ. ಈಗಿನ ಹೆಚ್ಚಿನ ಇಂಟರ್‌ಫೇಸುಗಳಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿಯೋ ನಾಬೋ ಇರುತ್ತದೆ. ಅದನ್ನು ಹಾಕಿದರೆ ಮೈಕಿನ ಧ್ವನಿ ಕಂಪ್ಯೂಟರಿನ ಸುತ್ತು ಬಳಸದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಝೂಮ್, ಟ್ಯಾಸ್ಕಮ್‌ಗಳ ಸ್ವತಂತ್ರ ರೆಕಾರ್ಡರುಗಳಲ್ಲಿ ಕಂಪ್ಯೂಟರಿನ ಪಾತ್ರವೇ ಇಲ್ಲದ್ದರಿಂದ ತಡ ಗಮನಕ್ಕೆ ಬರುವಷ್ಟು ಇರುವುದಿಲ್ಲ. ಅವುಗಳನ್ನು ಹಳೆಯ ಕಾಲದವೆಂದು ತಳ್ಳಿಹಾಕದಿರಲು ನನಗೆ ಇದೊಂದೇ ಕಾರಣ ಸಾಕು. ಡೈರೆಕ್ಟ್ ಮಾನಿಟರ್ ಹಾಕಿಕೊಂಡವರು ಪ್ರೋಗ್ರಾಮಿನೊಳಗೆ ಆ ಟ್ರ್ಯಾಕಿನ ಇನ್‌ಪುಟ್ ಮಾನಿಟರಿಂಗ್ ಆರಿಸಲೇಬೇಕು. ಇಲ್ಲದಿದ್ದರೆ ನೇರವಾಗಿ ಬಂದ ದನಿ ಒಂದು, ಸುತ್ತಿ ಬಂದ ದನಿ ಇನ್ನೊಂದು ಎಂದು ಎರಡು ಕೇಳುತ್ತವೆ. ಹೊಸಬರು ಎಕೋ ಬರುತ್ತಿದೆ ಎಂದು ಗಾಬರಿಯಾಗುವ ಸಂದರ್ಭಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ.

ಒಂದು ಸಾಲನ್ನು ಮಾತ್ರ ತಿದ್ದಿ ಹಾಡುವ ಪಂಚ್-ಇನ್ ಸಂದರ್ಭದಲ್ಲಿ ಇನ್ನೊಂದು ಏರ್ಪಾಡು ಬೇಕಾಗುತ್ತದೆ. ತಿದ್ದುವ ಜಾಗ ಬರುವ ತನಕ ಹಾಡುವವರಿಗೆ ತಮ್ಮ ಹಳೆಯ ದನಿ ಕೇಳಬೇಕು; ಆ ಓಘದಲ್ಲೇ ಒಳಗೆ ಬರಬೇಕಲ್ಲ. ಮುದ್ರಣ ಶುರುವಾದ ಕೂಡಲೇ ಹಳೆಯದು ನಿಂತು ಈಗಿನ ದನಿ ಕೇಳಬೇಕು. ಆಟೊ ಇನ್‌ಪುಟ್ ಎಂಬ ಹೆಸರಿನಲ್ಲಿ ಟೇಪ್ ಯಂತ್ರಗಳ ಕಾಲದಿಂದಲೂ ಇರುವ ಈ ಸೌಕರ್ಯ ಇಂದಿನ ಪ್ರೋಗ್ರಾಮುಗಳಲ್ಲೂ ಇದೆ. ಅದನ್ನು ಬಳಸಿದವರ ತಿದ್ದುಪಡಿಯಲ್ಲಿ ಹೊಲಿಗೆ ಕಾಣಿಸುವುದು ಕಡಿಮೆ.

ಇನ್ನು ಹಾಡುವವರ ಕಿವಿಯಲ್ಲಿ ಯಾವುದು ಎಷ್ಟಿರಬೇಕು ಎಂಬ ಪ್ರಶ್ನೆ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದ ಈ ಗುಣಕ್ಕೆ ಅವರ ಹೆಸರೇ ಉಳಿದಿದೆ. ಹೆಡ್‌ಫೋನಿನಲ್ಲಿ ವಾದ್ಯಗಳು ಜೋರಾಗಿದ್ದರೆ ಆಗುವುದೂ ಇದೇ. ಭಾವಗೀತೆಯ ಮೆಲ್ಲನೆಯ ಪಲ್ಲವಿಯೂ ಕೂಗಿನತ್ತ ವಾಲುತ್ತದೆ, ಮೂರನೆಯ ಟೇಕಿನ ಹೊತ್ತಿಗೆ ಗಂಟಲು ಸೋಲುತ್ತದೆ. ತಮ್ಮ ದನಿಯೇ ವಿಪರೀತ ಜೋರಾಗಿ ಕೇಳಿದರೆ ಇದರ ತಿರುಗುಮುರುಗು: ಹಾಡುವವರು ಅಂಜಿ ಹಿಂಜರಿಯುತ್ತಾರೆ, ದನಿಯಲ್ಲಿ ಬಲ ಇರುವುದಿಲ್ಲ. ಆದ್ದರಿಂದ ಕ್ಯೂ ಮಿಕ್ಸ್, ಅಂದರೆ ಹಾಡುವವರ ಕಿವಿಗೆ ಹೋಗುವ ಮಿಶ್ರಣ, ಹೊಂದಿಸುವುದೆಂದರೆ ಹಾಡುವವರ ದನಿಯ ತ್ರಾಣವನ್ನೇ ಹೊಂದಿಸಿದಂತೆ. ಹಾಡಿನ ಭಾವಕ್ಕೆ ತಕ್ಕ ಹಾಗೆ ಇದನ್ನು ಬೇಕೆಂದೇ ಬದಲಿಸಬಹುದು. ಪಿಸುಮಾತಿನಂಥ ಸಾಲಿಗೆ ಅವರ ದನಿಯನ್ನು ತುಸು ಏರಿಸುವುದು, ತೆರೆದ ಕಂಠದ ಸಾಲಿಗೆ ಇಳಿಸುವುದು.

ಮುಚ್ಚಿದ ಹೆಡ್‌ಫೋನ್ ಹಾಕಿಕೊಂಡಾಗ ಸ್ವಂತ ದನಿ ಗುಮ್ಮೆನ್ನುತ್ತದೆ. ಕಿವಿ ಮುಚ್ಚಿಕೊಂಡು ಮಾತಾಡಿದರೆ ಯಾರಿಗಾದರೂ ಇದು ಗೊತ್ತಾಗುತ್ತದೆ. ಮೂಳೆಯ ಮೂಲಕ ಬಂದ ತಗ್ಗಿನ ಆವರ್ತನಗಳು ಹೊರಹೋಗಲು ದಾರಿಯಿಲ್ಲದೆ ಕಿವಿಯೊಳಗೇ ಉಳಿಯುತ್ತವೆ. ಒಂದು ಕಿವಿಯನ್ನು ಅರ್ಧ ತೆರೆದುಕೊಳ್ಳುವ ಹಳೆಯ ಗಾಯಕರ ರೂಢಿಯ ಹಿಂದೆ ಇದೇ ಅನುಭವವಿದೆ. ಆ ರೂಢಿ ಒಳ್ಳೆಯದೇ, ಆದರೆ ತೆರೆದ ಬದಿಯ ಸ್ಪೀಕರಿಗೆ ಹೋಗುವ ಧ್ವನಿಯನ್ನು ನಿಲ್ಲಿಸಬೇಕು. ಇಲ್ಲವಾದರೆ ತಾಳ ತೋರಿಸುವ ಕ್ಲಿಕ್ಕು, ವಾದ್ಯಗಳೆಲ್ಲ ಅಲ್ಲಿಂದ ಸೋರಿ ಮೈಕಿಗೆ ಸೇರುತ್ತವೆ. ಇಂಟರ್‌ಫೇಸಿನಲ್ಲಿ ಪೊಲಾರಿಟಿ ತಿರುಗಿಸುವ ಗುಂಡಿಯಿದ್ದರೆ ಹಾಡುತ್ತಲೇ ಅದನ್ನೊಮ್ಮೆ ಒತ್ತಿ ನೋಡುವುದು ಲೇಸು. ಎರಡರಲ್ಲಿ ಒಂದು ಸ್ಥಿತಿಯಲ್ಲಿ ದನಿ ತುಂಬಿ ಬರುತ್ತದೆ, ಇನ್ನೊಂದರಲ್ಲಿ ತೆಳುವಾಗುತ್ತದೆ. ತುಂಬಿ ಬಂದದ್ದನ್ನೇ ಇಟ್ಟುಕೊಂಡರಾಯಿತು. ಚೂರು ರೀವರ್ಬ್ ಕೂಡ ಹಾಡುವವರಿಗೆ ಹಿತ. ಅದು ಕಿವಿಗಷ್ಟೇ ಹೋಗಲಿ, ಟ್ರ್ಯಾಕಿನ ಮೇಲೆ ಕೂರದಿರಲಿ.

ಪಾಶ್ಚಾತ್ಯರ ಧ್ವನಿಮುದ್ರಣದ ಕೈಪಿಡಿಗಳಲ್ಲಿ ಸಿಗದ ಒಂದು ಪ್ರಶ್ನೆ ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯ: ಶ್ರುತಿ ಎಲ್ಲಿರಬೇಕು? ಮನೆಯಲ್ಲಿ ಸಾಧನೆಗೆ ಕೂತಂತೆ ಎಲೆಕ್ಟ್ರಾನಿಕ್ ತಂಬೂರಿಯನ್ನೋ ಮೊಬೈಲಿನ ಶ್ರುತಿಯನ್ನೋ ಪಕ್ಕದಲ್ಲಿಟ್ಟು ಹಾಡಿದರೆ ಮನಸ್ಸಿಗೆ ಹಿತ, ಕೋಣೆಯೆಲ್ಲ ಷಡ್ಜದಿಂದ ತುಂಬಿರುತ್ತದೆ. ಆದರೆ ಆ ನಾದ ಮೈಕಿನೊಳಗೂ ಹೋಗುತ್ತದೆ. ಆಮೇಲೆ ಎರಡು ಟೇಕುಗಳನ್ನು ಕತ್ತರಿಸಿ ಕೂಡಿಸಹೊರಟರೆ ಕೂಡಿಸಿದ ಜಾಗದಲ್ಲಿ ತಂಬೂರಿಯ ಮೀಟು ಹಾರಿಬೀಳುತ್ತದೆ. ಹಾಡಿನ ಕೊನೆಯಲ್ಲಿ ಶ್ರುತಿಯನ್ನು ಮೆಲ್ಲನೆ ತಗ್ಗಿಸಬೇಕೆಂದರೂ ಆಗುವುದಿಲ್ಲ. ಶ್ರುತಿಯನ್ನು ಹೆಡ್‌ಫೋನಿಗಷ್ಟೇ ಕೊಟ್ಟರೆ ಈ ತೊಂದರೆಗಳಿಲ್ಲ. ಆದರೆ ಗಾಳಿಯಲ್ಲಿ ದನಿಯೂ ತಂಬೂರಿಯೂ ಬೆರೆಯುವಾಗ ಸಿಗುವ ಆಸರೆ ತಪ್ಪಿಹೋಗುತ್ತದೆ.

ಈ ಆಸರೆ ಸಣ್ಣದಲ್ಲ. ಪಂಚಮದ ಮೇಲೆ ನಿಂತಾಗ ಅದು ಸೇರಿತು ಎಂದು ತಿಳಿಯುವುದೇ ದನಿಯ ಸ್ವರಾಂಶಗಳು ತಂಬೂರಿಯ ಸ್ವರಾಂಶಗಳೊಡನೆ ಅಲುಗಾಟವಿಲ್ಲದೆ ಕೂಡಿದಾಗ. ಎರಡು ಕಿವಿಗೂ ತಂಬೂರಿಯನ್ನು ಜೋರಾಗಿ ತುಂಬಿಸಿಕೊಂಡರೆ ತಮ್ಮ ದನಿ ಅದರಡಿ ಹೂತುಹೋಗುತ್ತದೆ, ಕೂಡಿತೋ ಇಲ್ಲವೋ ತಿಳಿಯುವುದೇ ಇಲ್ಲ. ಇದರ ಜೊತೆಗೆ, ಒಂದೇ ಆವರ್ತನದ ಶುದ್ಧ ನಾದಗಳಲ್ಲಿ ತಗ್ಗಿನವು ಜೋರಾದಷ್ಟೂ ತುಸು ಇಳಿದಂತೆ ಕೇಳುತ್ತವೆ ಎಂದು ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1935ರಲ್ಲೇ ತೋರಿಸಿದ್ದರು. ತಂಬೂರಿಯಂಥ ತುಂಬು ನಾದದಲ್ಲಿ ಈ ಪರಿಣಾಮ ತೀರ ಕಡಿಮೆ, ಆದರೂ ಹೆಡ್‌ಫೋನನ್ನು ಜೋರಾಗಿ ಇಟ್ಟುಕೊಳ್ಳದಿರಲು ಇದೂ ಒಂದು ಕಾರಣ. ನನಗೆ ಸರಿಯೆನಿಸುವ ಏರ್ಪಾಡು ಇದು: ತಂಬೂರಿ ಒಂದೇ ಕಿವಿಗೆ, ತಮ್ಮ ದನಿಗಿಂತ ಸ್ಪಷ್ಟವಾಗಿ ಕೆಳಗೆ, ಇನ್ನೊಂದು ಕಿವಿ ಅರ್ಧ ತೆರೆದಿರಲಿ. ಆ ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಮೊದಲೇ ಮುದ್ರಿಸಿಟ್ಟಿರಬೇಕು, ಇಡೀ ಹಾಡಿಗಾಗುವಷ್ಟು ಉದ್ದವಾಗಿ, ನಡುವೆ ಎಲ್ಲೂ ತುಂಡಾಗದಂತೆ.

ತಾಳದ ವಿಚಾರದಲ್ಲಿ ನನಗೆ ಬಿಗಿಯಾದ ಅಭಿಪ್ರಾಯವಿದೆ. ಸಿದ್ಧ ಟ್ರ್ಯಾಕಿಗೆ ಹಾಡುವ ಸುಗಮ ಸಂಗೀತಕ್ಕೆ ಕ್ಲಿಕ್ ಬೇಕು. ಕೀಬೋರ್ಡು, ರಿದಮ್ ಪ್ಯಾಡು ಎಲ್ಲ ಅದರ ಮೇಲೆಯೇ ನಿಂತಿರುತ್ತವೆ. ಕೃತಿಗೆ ಅದು ಬೇಡ. ಕಾಲಪ್ರಮಾಣ ನಿಲ್ಲಬೇಕು ಎಂಬುದು ನಮ್ಮ ಶಾಸ್ತ್ರವೇ, ಆದರೆ ಅದು ನಿಲ್ಲುವ ಬಗೆ ಬೇರೆ: ಸಂಗತಿಗಳು ಬೆಳೆದಂತೆ, ಚರಣಕ್ಕೆ ಬಂದಂತೆ ಉಸಿರಿಗೆ ತಕ್ಕಷ್ಟು ಸಡಿಲ ಅದರಲ್ಲಿರುತ್ತದೆ. ಯಂತ್ರದ ಟಿಕ್ ಟಿಕ್ ಆ ಸಡಿಲವನ್ನು ತೆಗೆದುಹಾಕುತ್ತದೆ. ಅದಕ್ಕಿಂತ, ಹಾಡುವವರೇ ಕೈಯಲ್ಲಿ ತಾಳ ಹಾಕುತ್ತ ಒಮ್ಮೆ ಇಡೀ ಕೃತಿಯನ್ನು ಹಾಡಿ ಕಚ್ಚಾ ಟ್ರ್ಯಾಕ್ ಮಾಡಿಟ್ಟುಕೊಂಡು, ಅದನ್ನು ಕೇಳಿಕೊಂಡು ಮೃದಂಗವನ್ನೂ ಆಮೇಲೆ ಅಸಲಿ ದನಿಯನ್ನೂ ಮುದ್ರಿಸುವುದು ಮೇಲು. ಕ್ಲಿಕ್ ಅನಿವಾರ್ಯವಾದಲ್ಲಿ ಕಿವಿಗೆ ಚುಚ್ಚುವ ಟಿಕ್ಕಿನ ಬದಲು ಮೆತ್ತಗಿನ ಮರದ ಸದ್ದನ್ನು ಆರಿಸಿಕೊಳ್ಳಿ; ಸೋರುವುದು ಮೇಲಿನ ಆವರ್ತನಗಳೇ. ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಮೈಕಿನ ಗೇನ್ ಹೆಚ್ಚಿಸಲೇಬೇಕಾಗುತ್ತದೆ, ಆಗ ಹೆಡ್‌ಫೋನಿನ ಅಂಚಿನಿಂದ ಸೋರಿದ ಕ್ಲಿಕ್ಕೂ ನಾದದ ಬಾಲದಲ್ಲಿ ಕೇಳಿಸತೊಡಗುತ್ತದೆ.

ಮನೆಗೆ ಪಕ್ಕವಾದ್ಯದವರು ಬಂದರೆ ಲೆಕ್ಕ ಬದಲಾಗುತ್ತದೆ. ಮೃದಂಗದವರಿಗೆ ಹಾಡುವವರ ದನಿ ಎಲ್ಲಕ್ಕಿಂತ ಮುಂದೆ ಬೇಕು, ತಂಬೂರಿ ಸ್ವಲ್ಪ ಸಾಕು. ಒಂದೇ ಹೆಡ್‌ಫೋನ್ ತೂತಿಗೆ ವೈ ಕೇಬಲ್ ಹಾಕಿ ಇಬ್ಬರಿಗೂ ಅದನ್ನೇ ಕೊಟ್ಟರೆ ಇಬ್ಬರಿಗೂ ಅರೆತೃಪ್ತಿ. ಎರಡು ಬೇರೆ ಹೆಡ್‌ಫೋನ್ ಔಟ್‌ಪುಟ್ ಇರುವ ಇಂಟರ್‌ಫೇಸ್ ಇಂಥಲ್ಲಿ ತನ್ನ ಬೆಲೆ ತೋರಿಸುತ್ತದೆ.

ಎಂಜಿನಿಯರನ ಕಿವಿಗೆ ಬರೋಣ. ಇದರ ಒಂದು ಪಾಲು ಕೆಲಸ ಟೇಕಿಗೆ ಮುಂಚೆ. ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲ ಒಂದಿದೆ: ಹೆಡ್‌ಫೋನಿನ ವಾಲ್ಯೂಮಿಗೂ ಮುದ್ರಣದ ಲೆವೆಲ್ಲಿಗೂ ಸಂಬಂಧವಿಲ್ಲ. ದನಿ ಕಿವಿಗೆ ಸಾಲದೆಂದು ಮೈಕಿನ ಗೇನ್ ಏರಿಸುವುದು ಅತಿ ಸಾಮಾನ್ಯ ತಪ್ಪು. ತಾರಸ್ಥಾಯಿಗೆ ಹೋದಾಗ ಮುದ್ರಣ ಒಡೆದಿರುತ್ತದೆ, ಹಾಡುವ ಉತ್ಸಾಹದಲ್ಲಿ ಅದು ತಿಳಿದಿರುವುದೂ ಇಲ್ಲ. ಹಾಡಿನ ಅತಿ ಜೋರಾದ ಸಾಲನ್ನು ಪೂರ್ತಿ ಕಂಠದಲ್ಲಿ ಹಾಡಿ, ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ಲಿನೊಳಗೆ ಇರುವಂತೆ ಗೇನ್ ನಿಲ್ಲಿಸಿದರೆ ಸಾಕು. ಟೇಪಿನಲ್ಲಿ ಹಿಸ್ ಸದ್ದನ್ನು ಮೀರಲು ಲೆವೆಲ್ ಎತ್ತಬೇಕಿತ್ತು. 16 ಬಿಟ್‌ನ ಸಿದ್ಧಾಂತದ ವ್ಯಾಪ್ತಿ 96 ಡೆಸಿಬಲ್, 24 ಬಿಟ್‌ಗೆ 144. ಇಷ್ಟು ಜಾಗವಿರುವಾಗ ಮೀಟರನ್ನು ಕೆಂಪಿನ ಅಂಚಿಗೆ ತಳ್ಳುವ ಅಗತ್ಯವೇ ಇಲ್ಲ. ಮೀಟರ್ ಹೇಳದ ಸಂಗತಿಗಳಿಗೆ ಹೆಡ್‌ಫೋನ್ ಬೇಕು: ಪ, ಫ, ಭಗಳ ಗಾಳಿಯ ಬಡಿತ, ಸ, ಶಗಳ ಸೀಳು, ಮೇಲೆ ತಿರುಗುವ ಫ್ಯಾನಿನ ಗಾಳಿ, ಪಕ್ಕದ ಕೋಣೆಯ ಫ್ರಿಜ್ಜು.

ನಮ್ಮ ಮನೆಗಳ ಗುಂಯ್ ಸದ್ದಿಗೆ ಕರೆಂಟಿನ ಆವರ್ತನವಾದ 50 ಹರ್ಟ್ಸ್ ಮತ್ತು ಅದರ ಗುಣಕಗಳೇ ಮೂಲ. ಯಾರೂ ಹಾಡದಿರುವಾಗ ಹೆಡ್‌ಫೋನನ್ನು ಏರಿಸಿ ಕೇಳಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುನೋಡಿ. ಸದ್ದು ನಿಂತರೆ ದೋಷ ಅರ್ಥಿಂಗಿನದು, ಮೈಕಿನದಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಅರ್ಥ್ ತಪ್ಪಿಸುವ ರೂಢಿ ಬಹಳ ಕಡೆ ಇದೆ. ಅದು ಸದ್ದಿಗೂ ಕಾರಣವಾದೀತು, ಜೀವಕ್ಕೂ ಅಪಾಯ. ಒಬ್ಬ ಎಲೆಕ್ಟ್ರೀಷಿಯನ್ನನ್ನು ಕರೆಸಿ ಅರ್ಥಿಂಗ್ ಸರಿಮಾಡಿಸುವುದು ಹೊಸ ಮೈಕಿಗಿಂತ ಎಷ್ಟೋ ಒಳ್ಳೆಯ ಖರ್ಚು.

ಟೇಕ್ ಮುಗಿದ ಮೇಲೆ ಸ್ಪೀಕರಿನಲ್ಲಿ ಕೇಳಬೇಕು ಎನ್ನುತ್ತಾರೆ. ಸರಿಯೆ, ಆದರೆ ಎಂಥ ಕೋಣೆಯಲ್ಲಿ? ನಮ್ಮ ಮನೆಗಳಲ್ಲಿ ಹತ್ತು ಅಡಿಗೆ ಹತ್ತು ಅಡಿಯ ಮಲಗುವ ಕೋಣೆ ಮಾಮೂಲು, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸಿಮೆಂಟಿನ ಗೋಡೆ, ನುಣುಪು ನೆಲ. ಹತ್ತು ಅಡಿಯ ಅಂತರದಲ್ಲಿ ಎದುರುಬದುರಾದ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್, ಅದರ ಎರಡರಷ್ಟು, ಮೂರರಷ್ಟು ಆವರ್ತನಗಳು ಅನುರಣಿಸುತ್ತವೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರು ದಿಕ್ಕಿನ ಅನುರಣನಗಳೂ ಅದೇ ಆವರ್ತನಗಳ ಮೇಲೆ ಬಂದು ಬೀಳುತ್ತವೆ. ಕೂತ ಜಾಗ ಬದಲಾದರೆ ಮೃದಂಗದ ಎಡಭಾಗದ ಗುಮುಕಿ ಒಮ್ಮೆ ಉಬ್ಬಿ ಒಮ್ಮೆ ಮಾಯವಾಗುವುದು ಇದರಿಂದ. ಇಂಥ ಕೋಣೆಯಲ್ಲಿ ದುಬಾರಿ ಸ್ಪೀಕರ್ ಕೂಡ ನಿಜ ಹೇಳಲಾರದು. ಹಾಸಿಗೆ, ಪುಸ್ತಕ ತುಂಬಿದ ಕಪಾಟು, ದಪ್ಪ ಪರದೆ ಇವುಗಳಿಂದ ಮೇಲಿನ ಆವರ್ತನಗಳ ಪ್ರತಿಧ್ವನಿ ತಗ್ಗುತ್ತದೆ, ತಗ್ಗಿನ ಆವರ್ತನಗಳು ಅಷ್ಟಕ್ಕೆಲ್ಲ ಬಗ್ಗುವುದಿಲ್ಲ.

ಜೋರಾಗಿ ಕೇಳುವ ಹೊತ್ತಿನ ಮಿತಿಯನ್ನೂ ಮರೆಯಬಾರದು. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್, ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್‌ನ ಶಿಫಾರಸು. ಅಂದರೆ 91 ಡೆಸಿಬಲ್ಲಿಗೆ ಎರಡೇ ಗಂಟೆ. ರಾತ್ರಿ ಟ್ರ್ಯಾಕ್ ತಿದ್ದುತ್ತ ಕೂತವರು ಗಂಟೆಗೊಮ್ಮೆ ತಮಗೆ ಗೊತ್ತಾಗದೆಯೇ ವಾಲ್ಯೂಮ್ ಏರಿಸುತ್ತ ಹೋಗಿರುತ್ತಾರೆ.

ಹೊಸದಾಗಿ ಸಲಕರಣೆ ಕೊಳ್ಳುವವರು ಕೇಳಿದರೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಧ್ವನಿ ಸೋರದ, ಕಿವಿಯನ್ನು ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್. 1991ರಿಂದ ಮಾರುಕಟ್ಟೆಯಲ್ಲಿರುವ ಸೋನಿ ಎಂಡಿಆರ್-7506ನಂಥದ್ದು ಇಂದಿಗೂ ಸ್ಟುಡಿಯೊಗಳಲ್ಲಿ ದುಡಿಯುತ್ತಿದೆ. ಎರಡನೆಯದು, ನೇರ ದನಿ ಎಷ್ಟು, ಟ್ರ್ಯಾಕ್ ಎಷ್ಟು ಎಂದು ಕೈಯಲ್ಲೇ ಹೊಂದಿಸಬಲ್ಲ ನಾಬ್ ಇರುವ ಇಂಟರ್‌ಫೇಸ್ ಅಥವಾ ರೆಕಾರ್ಡರ್. ಆಮೇಲೆ ಮೈಕ್, ಕೈಗೆಟಕುವ ಬೆಲೆಯದು. ಸ್ಪೀಕರ್ ಕಟ್ಟಕಡೆಗೆ, ಅದೂ ಅದನ್ನಿಡಲು ತಕ್ಕ ಕೋಣೆ ಸಿಕ್ಕಿದಾಗ.